ಬದುವಿನ ಮರ ಮತ್ತು ಕೊಂಬಿನ ಕೀಟ



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹೊಲದ ಬದುಗಳಲ್ಲಿ ಜಾಲಿ, ಹುಣಸೆ, ಹೊಂಗೆ ಮರಗಳನ್ನು ಕಾಣದವರಿಲ್ಲ. ಜಾಲಿಯ ಎಳೆ ರೆಂಬೆಯನ್ನು ಹತ್ತಿರದಿಂದ ನೋಡಿದಾಗ ಒಂದೆರಡು 'ಮುಳ್ಳುಗಳು' ರೆಂಬೆಯ ಮರೆಗೆ ಸರಿಯುವುದುಂಟು. ಅವು ಮರಜಿಗಿಹುಳುಗಳು; ಇಂಗ್ಲಿಷಿನಲ್ಲಿ ಟ್ರೀ ಹಾಪರ್. ಜಗತ್ತಿನಲ್ಲಿ ಇವುಗಳ ಮೂರು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮಲ್ಲಿನ ಬಹುತೇಕ ಪ್ರಭೇದಗಳು ಒಂದು ಸೆಂಟಿಮೀಟರಿಗಿಂತ ಚಿಕ್ಕವು. ತಲೆಯ ಹಿಂದಿನ ಕವಚವು ಕೊಂಬುಗಳಾಗಿ ಬೆಳೆದು, ಬೆನ್ನಿನ ಮೇಲೆ ಹಿಂದಕ್ಕೆ ಚಾಚಿರುವುದೇ ಇವುಗಳ ಮುಖ್ಯ ಲಕ್ಷಣ.

ಜಾಲಿಯ ಮೇಲಿನ ಆಕ್ಸಿರಾಕಿಸ್ ಟರಾಂಡಸ್, ತೊಗರಿಯಲ್ಲಿಯೂ ಸಿಗುವ ಒಟಿನೋಟಸ್ ಒನೆರೇಟಸ್, ಹೋರಿಯ ಕೊಂಬಿನಿಂದ ಹೆಸರು ಪಡೆದ ಲೆಪ್ಟೊಸೆಂಟ್ರಸ್ ಟಾರಸ್ ಭಾರತದಲ್ಲಿ ಚಿರಪರಿಚಿತ. ಅಪರೂಪದ ಪ್ರಭೇದವನ್ನು ಕೊಂಬಿನ ಆಕಾರದಿಂದಷ್ಟೇ ನಿರ್ಧರಿಸಲಾಗದು. ಒಂದೇ ಪ್ರಭೇದದ ಗಂಡು ಹೆಣ್ಣುಗಳ ಕೊಂಬುಗಳೇ ಭಿನ್ನವಾಗಿರಬಹುದು. ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕಾಗುತ್ತದೆ. ಡಿಸ್ಟೆಂಟ್ 1908ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅನೇಕ ಪ್ರಭೇದಗಳಿಗೆ ದೊರೆತ ಊರಿನ ಹೆಸರಿದೆ, ಗಿಡದ ಹೆಸರಿಲ್ಲ. ಈ ಕೊರತೆಯನ್ನು ತುಂಬಬಲ್ಲವರು ಹಳ್ಳಿಯವರೇ.

ಆದರೆ ಕೀಟ ಕುಳಿತ ಗಿಡವೆಲ್ಲ ಅದರ ಆಶ್ರಯ ಸಸ್ಯವಲ್ಲ. ರೆಕ್ಕೆ ಬಂದ ಕೀಟ ಹಾರಿಬಂದು ಎಲ್ಲಿಯಾದರೂ ಕೂರಬಹುದು. ಹೆಣ್ಣು ಎಳೆ ತೊಗಟೆಯನ್ನು ಸೀಳಿ ಮೊಟ್ಟೆಯಿಟ್ಟ, ರೆಕ್ಕೆಯಿಲ್ಲದ ಮರಿಗಳು ರಸ ಹೀರಿ ಐದು ಬಾರಿ ಪೊರೆ ಕಳಚಿ ಬೆಳೆದ ಗಿಡವೇ ನಿಜವಾದ ಆಶ್ರಯ. ಮರಿಗಳು ಸ್ರವಿಸುವ ಸಿಹಿದ್ರವಕ್ಕಾಗಿ ಇರುವೆಗಳು ಮುತ್ತುತ್ತವೆ. ಪ್ರತಿಯಾಗಿ ಶತ್ರುಗಳಿಂದ ಕಾಯುತ್ತವೆ. ಆದ್ದರಿಂದ ರೆಂಬೆಯ ಮೇಲಿನ ಇರುವೆಸಾಲೇ ಹುಡುಕುವವರಿಗೆ ದಾರಿ.

ಇದರ ಅಗತ್ಯ ಈಗ ಹೆಚ್ಚಿದೆ. ಈ ತಾಲ್ಲೂಕುಗಳು ವರ್ಜೀನಿಯಾ ತಂಬಾಕಿನ ಸೀಮೆ. ಬ್ಯಾರನ್‌ಗಳಲ್ಲಿ ಎಲೆ ಹದಗೊಳಿಸಲು ಸೌದೆ ಬೇಕು. ಬದುವಿನ ಮರಗಳೂ ಒಲೆ ಸೇರುತ್ತವೆ. ಒಂದೇ ಜಾತಿಯ ಗಿಡವನ್ನು ನೆಚ್ಚಿದ ಕೀಟಕ್ಕೆ ಆ ಗಿಡ ಹೋದರೆ ಬೇರೆ ಮನೆಯಿಲ್ಲ. ಯಾವ ಗಿಡವೆಂಬುದೇ ತಿಳಿಯದಿದ್ದರೆ ಉಳಿಸುವುದಾದರೂ ಯಾವುದನ್ನು? ಬೆಳೆಯಲ್ಲಿ ನಾಲ್ಕಾರು ಕಂಡೊಡನೆ ವಿಷ ಸಿಂಪಡಿಸುವುದೂ ಅನಗತ್ಯ. ತೊಗರಿಗೆ ಇವು ಗೌಣ ಕೀಟಗಳು.

ವಿದ್ಯಾರ್ಥಿಗಳು ದಿನಾಂಕ, ಊರು, ಗಿಡದ ಸ್ಥಳೀಯ ಹೆಸರು, ಮರಿಗಳು ಮತ್ತು ಇರುವೆಗಳು ಇದ್ದವೇ ಎಂಬುದನ್ನು ಬರೆದಿಡಲಿ. ಕೀಟವನ್ನು ಮುಂದಿನಿಂದ, ಪಕ್ಕದಿಂದ, ಮೇಲಿನಿಂದ ಚಿತ್ರ ತೆಗೆಯಲಿ. ಗಿಡದ ಎಲೆ, ಹೂವುಗಳನ್ನೂ ಬಿಡದಿರಲಿ. ನಾಗರಹೊಳೆಯ ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ಸಂಗ್ರಹಿಸಬಾರದು. ಖಚಿತ ಗುರುತಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರಜ್ಞರ ನೆರವು ಪಡೆಯಬಹುದು. 2002ರ ಜೀವವೈವಿಧ್ಯ ಕಾಯ್ದೆಯನ್ವಯ ಪಂಚಾಯಿತಿಗಳು ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬದುವಿನ ಮರಗಳೂ ಅವುಗಳ ಕೀಟಗಳೂ ಜೊತೆಯಾಗಿ ಸೇರಲಿ. ಕೊಡಲಿ ಎತ್ತುವ ಮುನ್ನ ಆ ಪುಟವನ್ನೊಮ್ಮೆ ತಿರುವಿ ನೋಡುವಂತಾಗಲಿ.