ಮೂವತ್ತು ವರ್ಷ ಕಾದ ದ್ವೀಪಗಳು



ಶಾಂತಸಾಗರದ ನಡುವೆ ವನವಾಟು ಎಂಬ ಪುಟ್ಟ ರಾಷ್ಟ್ರವಿದೆ. ಸುಮಾರು 80 ದ್ವೀಪಗಳು, ಮೂರು ಲಕ್ಷದಷ್ಟು ಜನ. ವಾಯುಮಂಡಲವನ್ನು ಕಾಯಿಸುವ ಹೊಗೆಯಲ್ಲಿ ಇವರ ಪಾಲು ಲೆಕ್ಕಕ್ಕೂ ಬಾರದು. ಏರುವ ಕಡಲು ಮಾತ್ರ ಇವರ ಅಂಗಳಕ್ಕೇ ಮೊದಲು ಬರುತ್ತದೆ.

ಕಡಲೇರಿಕೆಯಿಂದ ನಷ್ಟ ಹೊಂದುವವರಿಗೆ ಧನಿಕ ರಾಷ್ಟ್ರಗಳು ವಿಮಾನಿಧಿಯೊಂದನ್ನು ಒದಗಿಸಬೇಕೆಂದು ವನವಾಟು 1991ರಲ್ಲಿಯೇ ಕಿರುದ್ವೀಪಗಳ ಪರವಾಗಿ ಕೇಳಿತು. 1992ರ ಹವಾಮಾನ ಒಪ್ಪಂದದಲ್ಲಿ ವಿಮೆಯೆಂಬ ಶಬ್ದ ಉಳಿಯಿತು, ನಿಧಿ ಉಳಿಯಲಿಲ್ಲ. ಬಳಿಕ ಸಮ್ಮೇಳನದ ಮೇಲೆ ಸಮ್ಮೇಳನ. 2015ರಲ್ಲಿ ಪ್ಯಾರಿಸ್ ಒಪ್ಪಂದವು ನಷ್ಟವನ್ನೇನೋ ಒಪ್ಪಿತು. ಪರಿಹಾರ ಕೇಳಲು ಅದು ಆಧಾರವಾಗದೆಂಬ ಮಾತನ್ನೂ ಜೊತೆಯ ನಿರ್ಣಯದಲ್ಲಿ ಸೇರಿಸಲಾಯಿತು. ಅದೇ ವರ್ಷ ಪಾಮ್ ಚಂಡಮಾರುತ ಆ ದ್ವೀಪಗಳ ಮನೆಮಠಗಳನ್ನು ನೆಲಸಮ ಮಾಡಿತ್ತು. ನಷ್ಟನಿಧಿಗೆ ಸಮ್ಮತಿ ದೊರೆತದ್ದು 2022ರಲ್ಲಿ, ಈಜಿಪ್ಟಿನಲ್ಲಿ. ಮೊದಲು ಕೇಳಿದವರ ಮಕ್ಕಳು ಮಕ್ಕಳೊಂದಿಗರಾಗುವಷ್ಟು ಕಾಲ!

ಈ ನಡುವೆ 2019ರಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳು ಬೇರೊಂದು ದಾರಿ ಹಿಡಿದರು. ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯವನ್ನೇ ಪಡೆಯಬೇಕೆಂಬುದು ಅವರ ಹಟ. ಪಲಾವು ದೇಶ ಕೆಲವರ್ಷ ಹಿಂದೆ ಇದನ್ನೇ ಯತ್ನಿಸಿ ಕೈಗೂಡದೆ ಬಿಟ್ಟಿತ್ತು. ವನವಾಟು ಸರಕಾರವು ವಿದ್ಯಾರ್ಥಿಗಳ ಬೇಡಿಕೆಯನ್ನು ಹೊತ್ತು ದೇಶದೇಶಗಳ ಬಾಗಿಲು ತಟ್ಟಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಮತಕ್ಕೆ ಹಾಕದೆಯೇ ಅದನ್ನು ಅಂಗೀಕರಿಸಿತು. 2025ರ ಜುಲೈ 23ರಂದು ಹೇಗ್ ನಗರದಲ್ಲಿ ನ್ಯಾಯಾಧೀಶರು ಒಮ್ಮತದಿಂದ ನುಡಿದರು: ಹವಾಮಾನದ ರಕ್ಷಣೆ ರಾಷ್ಟ್ರಗಳ ಕಾನೂನುಬದ್ಧ ಕರ್ತವ್ಯ, ಮೀರಿದರೆ ಪರಿಹಾರವನ್ನೂ ತೆರಬೇಕಾದೀತು.

ಇದು ಯಾರನ್ನೂ ಕಟ್ಟಿಹಾಕುವ ತೀರ್ಪಲ್ಲ, ಅಭಿಪ್ರಾಯ ಮಾತ್ರ. ನಷ್ಟನಿಧಿಗೆ ಬಂದ ವಾಗ್ದಾನಗಳೂ ಹಾನಿಯ ಮುಂದೆ ಅತ್ಯಲ್ಪ. ವನವಾಟು ಆ ಅಭಿಪ್ರಾಯದ ಪ್ರತಿಯನ್ನು ಹಿಡಿದು ಮತ್ತೆ ಸಮ್ಮೇಳನಗಳಿಗೆ ಹೊರಟಿದೆ.