ಮಾತಿನ ಹಕ್ಕು, ಆಲಿಸುವ ಹೊಣೆ



ಚಿಪ್ಕೋ ಚಳವಳಿಯನ್ನು ನಾವು ಮರ ಅಪ್ಪಿಕೊಂಡವರ ಕಥೆಯೆಂದೇ ನೆನೆಯುತ್ತೇವೆ. ಊರಿನೊಳಗೆ ಯಾರ ಮಾತನ್ನು ಯಾರು ಕೇಳಬೇಕೆಂಬ ಪ್ರಶ್ನೆಯೂ ಅದರಲ್ಲಿದೆ.

1974ರ ಮಾರ್ಚ್ 26ರಂದು ಹಿಮಾಲಯದ ಚಮೋಲಿ ಜಿಲ್ಲೆಯ ರೇಣಿ ಗ್ರಾಮಕ್ಕೆ ಮರ ಕಡಿಯುವವರು ಬಂದಾಗ ಗಂಡಸರು ಪರಿಹಾರಧನಕ್ಕಾಗಿ ಹೊರಹೋಗಿದ್ದರು. ಗೌರಾದೇವಿ ಮತ್ತು ಸಂಗಾತಿಗಳು ಅಡ್ಡನಿಂತು ಕಾಡನ್ನು ಉಳಿಸಿದರು. ಅಲ್ಲಿ ಎದುರಾಳಿಗಳು ಹೊರಗಿನವರು. 1980ರಲ್ಲಿ ಅದೇ ಜಿಲ್ಲೆಯ ಡುಂಗ್ರಿ-ಪೈಂತೋಲಿಯಲ್ಲಿ ಪರೀಕ್ಷೆ ಇನ್ನೂ ಕಠಿಣವಾಯಿತು. ರಸ್ತೆ, ಶಾಲೆ, ಆಸ್ಪತ್ರೆಗಳ ಆಶ್ವಾಸನೆಗೆ ಪ್ರತಿಯಾಗಿ ಓಕ್ ಕಾಡನ್ನು ಬಿಟ್ಟುಕೊಡಲು ಗಂಡಸರ ಪಂಚಾಯಿತಿ ಒಪ್ಪಿತ್ತು. ಆ ಕಾಡಿನಿಂದ ಸೌದೆ, ಮೇವು ಹೊತ್ತು ತರುವ ಹೆಂಗಸರು ತಮ್ಮ ಮನೆಯವರನ್ನೇ ಎದುರಿಸಬೇಕಾಯಿತು.

ಚಿಪ್ಕೋದಿಂದ ಪ್ರೇರಣೆ ಪಡೆದು 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೋ ಆರಂಭಿಸಿದ ನಮ್ಮ ಸಹ್ಯಾದ್ರಿಗೂ ಈ ಪಾಠ ಸಲ್ಲುತ್ತದೆ.

ಬಾಯಿ ಕಟ್ಟಿಸಿಕೊಂಡವರಿಗೇ ‘ತಾಳ್ಮೆಯಿಂದ ಆಲಿಸಿ’ ಎಂದು ಬೋಧಿಸುವುದು ಅನ್ಯಾಯ. ಅವರು ಮಾತಾಡಲಿ. ಆಲಿಸುವ ಹೊಣೆ ಮೊದಲು ವೇದಿಕೆ ದೊರೆತವರದು. ಓದು ಬಲ್ಲ ಹೆಂಗಸರಾದ ನಾವೂ ಆ ಸಾಲಿನಲ್ಲಿದ್ದೇವೆ. ಕೂಲಿಗೆ ಹೋಗುವ ಸೋದರಿಯ ಪರವಾಗಿ ಮಾತಾಡುವ ಉತ್ಸಾಹದಲ್ಲಿ ಅವರ ಮಾತಿಗೇ ಎಡೆಯಿಲ್ಲದಂತೆ ಮಾಡಬಾರದು.

ಆದ್ದರಿಂದ ಅವರಿಗೆ ಬಿಡುವಿರುವ ಹೊತ್ತಿನಲ್ಲಿ ಸಭೆ ಕರೆಯೋಣ. ವಿದ್ಯಾರ್ಥಿಗಳು ಅವರ ಮಾತನ್ನು ಅವರ ನುಡಿಯಲ್ಲೇ ಬರೆದು, ಓದಿ ಹೇಳಿ, ಒಪ್ಪಿಗೆ ಪಡೆಯಲಿ. ಅವರು ‘ಬೇಡ’ ಎಂದರೆ ಸಿದ್ಧವಾದ ಠರಾವನ್ನೂ ತಡೆಹಿಡಿಯೋಣ. ನಿರ್ಧಾರವನ್ನು ಬದಲಿಸಲು ಮನಸ್ಸಿಲ್ಲದೆ ಕಿವಿಗೊಟ್ಟರೆ ಅದು ಬರಿಯ ಉಪಚಾರವಾದೀತು.