ಸದಾಶಿವಗಡದ ಕೋಟೆ, ಶ್ರೀರಂಗಪಟ್ಟಣದ ಕೈದಿಗಳು



ಕಾಳಿ ನದಿಯನ್ನು ದಾಟಿ ಗೋವೆಯ ಕಡೆಗೆ ಹೋಗುವಾಗ ಹೆದ್ದಾರಿಯು ಸದಾಶಿವಗಡದ ಗುಡ್ಡವನ್ನು ಸೀಳಿಕೊಂಡು ಸಾಗುತ್ತದೆ. ಹಳೆಯ ಸೇತುವೆ 2024ರ ಆಗಸ್ಟಿನ ಒಂದು ರಾತ್ರಿ ನದಿಗೆ ಕುಸಿದದ್ದನ್ನು ಕಾರವಾರ, ಅಂಕೋಲೆಯವರಾದ ನಾವು ಮರೆಯಲಾರೆವು. ಆದರೆ ಆ ಗುಡ್ಡದ ಕೋಟೆಯ ಹೆಸರೂ ಕಾರವಾರದ ಹೆಸರೂ ಯುದ್ಧಕೈದಿಗಳ ಬಿಡುಗಡೆಯ ಒಂದು ಒಪ್ಪಂದದಲ್ಲಿ ದಾಖಲಾಗಿವೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನ್ ಮತ್ತು ಈಸ್ಟ್ ಇಂಡಿಯಾ ಕಂಪೆನಿಯ ನಡುವೆ ಮಂಗಳೂರಿನಲ್ಲಾದ ಒಪ್ಪಂದವದು. ಕಂಪೆನಿಯು ಹೊನ್ನಾವರ, ಕಾರವಾರ, ಸದಾಶಿವಗಡಗಳನ್ನು ಬಿಟ್ಟುಕೊಡಬೇಕು. ಟಿಪ್ಪು ತನ್ನಲ್ಲಿ ಜೀವಂತವಿರುವ ಎಲ್ಲ ಕೈದಿಗಳನ್ನು, ಅವರು ಯುರೋಪಿಯನ್ನರಾಗಿರಲಿ ದೇಶೀಯರಾಗಿರಲಿ, 30 ದಿನಗಳೊಳಗೆ ಹತ್ತಿರದ ಇಂಗ್ಲಿಷ್ ನೆಲೆಗೆ ತಲುಪಿಸಬೇಕು. ದಾರಿಯ ಆಹಾರ, ವಾಹನಗಳ ವ್ಯವಸ್ಥೆ ಟಿಪ್ಪುವಿನದು, ಖರ್ಚು ಕಂಪೆನಿಯದು. ಕೈದಿಗಳು ಕೈಸೇರುವ ತನಕ ದಿಂಡಿಗಲ್ ಮತ್ತು ಕಣ್ಣೂರುಗಳನ್ನು ಕಂಪೆನಿಯು ಒತ್ತೆಯಂತೆ ಇಟ್ಟುಕೊಂಡಿತು.

ಈ ಕೈದಿಗಳು ಯಾರು? 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಸೇನೆ ಹೈದರಲಿ ಮತ್ತು ಟಿಪ್ಪುವಿನ ಸೇನೆಗೆ ಸೋತಿತು. ಅಂದು ಹೈದರನ ಸೇವೆಯಲ್ಲಿದ್ದ ಫ್ರೆಂಚ್ ಅಧಿಕಾರಿಗಳು ಅಡ್ಡಬಂದುದರಿಂದ ಹಲವರ ಜೀವ ಉಳಿಯಿತು. ಬೈಲಿ 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಅದೇ ವರ್ಷ ಫ್ರೆಂಚ್ ನೌಕಾಧಿಪತಿ ಸಫ್ರೆನ್ ತಾನು ಹಿಡಿದಿದ್ದ ಇಂಗ್ಲಿಷರನ್ನು ವಿನಿಮಯ ಮಾಡಿಕೊಳ್ಳೋಣವೆಂದು ಕೇಳಿದ. ಮದರಾಸಿನವರು ಒಪ್ಪಲಿಲ್ಲ. ಅವರಿಗೆ ಅನ್ನ ಹಾಕಲಾಗದ ಸಫ್ರೆನ್ ಅವರನ್ನು ಹೈದರನಿಗೊಪ್ಪಿಸಿದ. ತಮ್ಮವರ ಸೆರೆವಾಸಕ್ಕೆ ತಮ್ಮವರ ಹಟವೂ ಕಾರಣವಾಯಿತೆಂಬುದನ್ನು ಇಂಗ್ಲಿಷ್ ಕಥೆಗಳು ಮೆಲ್ಲನೆ ದಾಟಿ ಹೋಗುತ್ತವೆ.

1783ರಲ್ಲಿ ಜನರಲ್ ಮ್ಯಾಥ್ಯೂಸ್ ನಮ್ಮ ಈ ಕರಾವಳಿಯಿಂದಲೇ ಘಟ್ಟ ಹತ್ತಿ ಬಿದನೂರನ್ನು ಹಿಡಿದ. ಏಪ್ರಿಲ್ ಕೊನೆಗೆ ಟಿಪ್ಪುವಿಗೆ ಶರಣಾದ. ಸರಕಾರಿ ಸೊತ್ತನ್ನು ಒಪ್ಪಿಸಿ ಕಡಲತೀರದ ಮೂಲಕ ಮುಂಬಯಿಗೆ ಹೋಗಬಹುದೆಂದು ಕರಾರಾಗಿತ್ತು. ಆದರೆ ಖಜಾನೆಯ ಹಣ ಅಧಿಕಾರಿಗಳ ಸಾಮಾನಿನಲ್ಲಿ ಸಿಕ್ಕಿತೆಂದು ಎಲ್ಲರನ್ನೂ ಸಂಕೋಲೆಗೆ ಹಾಕಲಾಯಿತು. ಮ್ಯಾಥ್ಯೂಸ್ ಅದೇ ವರ್ಷ ಸೆರೆಯಲ್ಲಿ ಸತ್ತ. ವಿಷವಿಕ್ಕಿ ಕೊಲ್ಲಲಾಯಿತೆಂದು ಆಂಗ್ಲರು ಆರೋಪಿಸಿದರು.

ಕರಾರು ಮುರಿದವರು ಅವರೇ ಎಂದು ಹೇಳಿ ನಾವು ಸುಮ್ಮನಾಗಬಹುದೇ? ಆಗದು. ಸೆರೆಸಿಕ್ಕ ಹದಿಹರೆಯದ ಹುಡುಗರಿಗೆ ಬಲಾತ್ಕಾರದಿಂದ ಸುನ್ನತಿ ಮಾಡಿಸಿ ಸೇನೆಗೆ ಸೇರಿಸಲಾಯಿತೆಂಬುದನ್ನು ಬದುಕುಳಿದವರೇ ಬರೆದಿದ್ದಾರೆ. ಕೆಲವರು ಒಪ್ಪಂದದ ಬಳಿಕವೂ ಮನೆ ಸೇರಲಿಲ್ಲ. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂದು ನಂಬುವ ನಾವು ಇದನ್ನು ಸಮರ್ಥಿಸಲಾರೆವು. ಟಿಪ್ಪು ಜಯಂತಿಯನ್ನು ಸರಕಾರ 2015ರಲ್ಲಿ ಆರಂಭಿಸಿ, 2019ರಲ್ಲಿ ಇನ್ನೊಂದು ಸರಕಾರ ರದ್ದುಪಡಿಸಿದಾಗಲೂ ಎರಡೂ ಕಡೆಯ ಗದ್ದಲದಲ್ಲಿ ಈ ಮಾತನ್ನು ಶಾಂತವಾಗಿ ಆಡುವವರು ವಿರಳರಾದರು. ಸುಲ್ತಾನನ ಶೌರ್ಯವನ್ನು ಸ್ಮರಿಸುವ ನಾಲಿಗೆಗೆ ಅವನ ಸೆರೆಮನೆಯನ್ನು ವಿಮರ್ಶಿಸುವ ಧೈರ್ಯವೂ ಬೇಕಲ್ಲವೇ?

ನಮ್ಮ ಅಳತೆಗೋಲು ಬೇರೆಯೇ ಇದೆ. 624ರ ಬದ್ರ್ ಯುದ್ಧ ಬಂಧುಗಳೇ ಬಂಧುಗಳ ಎದುರು ನಿಂತ ಯುದ್ಧ. ಸೆರೆಸಿಕ್ಕವರಿಗೆ ರೊಟ್ಟಿ ಕೊಟ್ಟು ಹಿಡಿದವರು ಖರ್ಜೂರ ತಿಂದರು. ಅಕ್ಷರ ಬಲ್ಲ ಬಡ ಕೈದಿಗಳು ಮದೀನದ ಮಕ್ಕಳಿಗೆ ಓದು ಬರಹ ಕಲಿಸಿ ಬಿಡುಗಡೆ ಪಡೆದರು. ಪ್ರವಾದಿ(ಸ)ಯವರ ಚಿಕ್ಕಪ್ಪ ಅಬ್ಬಾಸ್‌ರೂ(ರ) ಕೈದಿಯಾಗಿದ್ದರು. ಅವರ ಪರಿಹಾರಧನವನ್ನು ಬಿಟ್ಟುಬಿಡಲು ಅನ್ಸಾರರು ಮುಂದಾದರೂ ಪ್ರವಾದಿಯವರು(ಸ) ಒಂದು ದಿರ್ಹಮನ್ನೂ ಬಿಡಗೊಡಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಹೀಗಿರಲಿಲ್ಲ. ಅಧಿಕಾರಿಗಳಿಗೆ ಪ್ರತ್ಯೇಕ ಸ್ಥಳ, ದಿನದ ಭತ್ಯೆ. ದೇಶೀಯ ಸಿಪಾಯಿಗಳಿಗೆ ಕಠಿಣ ದುಡಿಮೆ. ಬಿಡುಗಡೆಯ ನಂತರ ನೆನಪುಗಳನ್ನು ಬರೆದವರೂ ಬಿಳಿಯರೇ. ಸಿಪಾಯಿಯ ಹೆಸರು ಯಾವ ಪುಸ್ತಕದಲ್ಲಿದೆ? ಈ ಭೇದ ಹಳೆಯ ಕಾಲದ್ದೆಂದು ಭಾವಿಸಬೇಡಿ. 1930ರಲ್ಲಿ ಅಂಕೋಲೆಯವರು ಉಪ್ಪಿನ ಸತ್ಯಾಗ್ರಹ ಮಾಡಿ ಜೈಲು ಸೇರಿದರಲ್ಲ, ಅದೇ ವರ್ಷ ಬ್ರಿಟಿಷ್ ಸರಕಾರ ಕೈದಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ವಿದ್ಯೆ, ಅಂತಸ್ತುಗಳಿದ್ದವರಿಗೆ ಮೇಲಿನ ವರ್ಗ, ಸಾಮಾನ್ಯನಿಗೆ ಸಿ ವರ್ಗ.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕವರಲ್ಲಿ ಡೇವಿಡ್ ಬೈರ್ಡ್ ಎಂಬ ಕ್ಯಾಪ್ಟನ್ ಇದ್ದ. ಮೂರೂವರೆ ವರ್ಷ ಶ್ರೀರಂಗಪಟ್ಟಣದಲ್ಲಿ ಕಳೆದು 1784ರಲ್ಲಿ ಬಿಡುಗಡೆಯಾದ. 1799ರ ಮೇ 4ರಂದು ಅದೇ ಊರಿನ ಕೋಟೆಗೆ ಲಗ್ಗೆಯಿಟ್ಟ ಸೇನೆಯ ನಾಯಕ ಅವನೇ. ಅಂದು ಅರಮನೆಯಲ್ಲಿದ್ದ ಟಿಪ್ಪುವಿನ ಮಕ್ಕಳನ್ನು ಅವನ ಮುಂದೆ ತಂದರು. ಕೈದಿಗಳನ್ನು ಸುಲ್ತಾನ್ ಕೊಲ್ಲಿಸಿದನೆಂಬ ಸುದ್ದಿ ಅವನ ಕಿವಿಗೆ ಬಿದ್ದಿತ್ತು. ಆದರೂ ಅವನು ಆ ಹುಡುಗರೊಂದಿಗೆ ಸೌಮ್ಯವಾಗಿ ಮಾತನಾಡಿ, ರಕ್ಷಣೆಯ ಭರವಸೆಯಿತ್ತು, ಬೆಂಗಾವಲಿನಲ್ಲಿ ಪಾಳೆಯಕ್ಕೆ ಕಳುಹಿಸಿದ. ಮುಂದೆ ಕಂಪೆನಿ ಅವರನ್ನು ವೆಲ್ಲೂರಿನ ಕೋಟೆಯಲ್ಲಿಟ್ಟಿತು. 1806ರ ಸಿಪಾಯಿ ದಂಗೆಯ ಬಳಿಕ ಕುಟುಂಬವನ್ನು ಕಲ್ಕತ್ತೆಗೆ ಸಾಗಿಸಿತು. ಶ್ರೀರಂಗಪಟ್ಟಣಕ್ಕೆ ಅವರನ್ನು ಮರಳಿಸುವ ಒಪ್ಪಂದವನ್ನು ಯಾರೂ ಬರೆಯಲಿಲ್ಲ.